ಟೈಮ್‌ಶೇರ್ ವಾರವನ್ನು ಆನ್‌ಲೈನ್‌ನಲ್ಲಿ ಬಾಡಿಗೆಗೆ ಕೊಡುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದಲ್ಲಿರುವ ನಮ್ಮ ಕನ್ನಡದವರ ಎಷ್ಟೋ ಮನೆಗಳ ಬೀರುವಿನಲ್ಲಿ ಒಂದು ದಪ್ಪ ಫೈಲ್ ಇದೆ. ಮಕ್ಕಳು ಚಿಕ್ಕವರಿದ್ದಾಗ ಒರ್ಲ್ಯಾಂಡೊಗೆ ಹೋಗಿದ್ದು, ಪಾರ್ಕ್ ಟಿಕೆಟ್ ಅಗ್ಗಕ್ಕೆ ಸಿಗುತ್ತದೆ ಅಂತ ಎರಡು ಗಂಟೆ ಪ್ರೆಸೆಂಟೇಶನ್‌ನಲ್ಲಿ ಕೂತಿದ್ದು, ಸಹಿ ಹಾಕಿ ಎದ್ದು ಬಂದಿದ್ದು, ಎಲ್ಲ ಅದರೊಳಗಿದೆ. ಅದು ಟೈಮ್‌ಶೇರ್ ಫೈಲ್, ಅಂದರೆ ರಿಸಾರ್ಟ್‌ನ ಒಂದು ಮನೆಯನ್ನು ವರ್ಷಕ್ಕೊಂದು ವಾರ ಬಳಸುವ ಹಕ್ಕನ್ನು ದುಡ್ಡು ಕೊಟ್ಟು ಕೊಂಡ ಕಾಗದ. ಈಗ ಮಕ್ಕಳು ಕಾಲೇಜಿಗೆ ಹೋಗಿದ್ದಾರೆ. ರಜೆ ಹೊಂದುವುದಿಲ್ಲ. ರಿಸಾರ್ಟ್‌ಗೆ ಕಟ್ಟಬೇಕಾದ ಮೇಂಟೆನೆನ್ಸ್ ಫೀ ಮಾತ್ರ ವರ್ಷ ವರ್ಷ ತಪ್ಪದೇ ಬರುತ್ತದೆ.

ನಮ್ಮ ಮನೆಯಲ್ಲೂ ಅಂಥ ಫೈಲ್ ಇದೆ. ನ್ಯೂ ಜೆರ್ಸಿಯಲ್ಲಿ ಕೂತು, ಒರ್ಲ್ಯಾಂಡೊದ ಎರಡು ಬೆಡ್‌ರೂಮಿನ ಒಂದು ವಾರವನ್ನು ನಾನು 2014ರಿಂದ ಬಾಡಿಗೆಗೆ ಕೊಡುತ್ತಾ ಬಂದಿದ್ದೇನೆ. ಆಗಾಗ ಕೈ ಸುಟ್ಟುಕೊಂಡಿದ್ದೇನೆ. ಸ್ನೇಹಿತರು, ಕನ್ನಡ ಸಂಘದವರು, ಅವರ ಪರಿಚಯದವರು ಫೋನ್ ಮಾಡಿ ಕೇಳುವ ಪ್ರಶ್ನೆಗಳನ್ನೇ ಇಲ್ಲಿ ಬರೆದಿದ್ದೇನೆ.

ನನ್ನ ವಾರವನ್ನು ಬೇರೆಯವರಿಗೆ ಬಾಡಿಗೆಗೆ ಕೊಡಬಹುದಾ?

ಹೆಚ್ಚಿನ ಕಡೆ ಕೊಡಬಹುದು. ನಿಮ್ಮ ಹೆಸರಿನಲ್ಲಿರುವ ವಾರದಲ್ಲಿ ನೀವೇ ಹೋಗಿ ಇರಬಹುದು, ಅಣ್ಣ-ತಂಗಿಯರನ್ನು ಕಳಿಸಬಹುದು, ಬಾಡಿಗೆಗೂ ಕೊಡಬಹುದು. ಆದರೆ ಮೊದಲು ಮೂರು ವಿಷಯ ನೋಡಿಕೊಳ್ಳಿ.

ಮೊದಲನೆಯದು, ಫೀ ಬಾಕಿ ಇರಬಾರದು. ಬಾಕಿ ಇದ್ದರೆ ರಿಸಾರ್ಟ್‌ನವರು ಬುಕಿಂಗ್ ಮಾಡಲು ಬಿಡುವುದಿಲ್ಲ, ಮಾಡಿದ್ದರೂ ತಡೆಹಿಡಿಯುತ್ತಾರೆ. ಎರಡನೆಯದು, ನಿಮ್ಮ ಕ್ಲಬ್ಬಿನ ನಿಯಮಗಳಲ್ಲಿ 'ವ್ಯಾಪಾರದ ಉದ್ದೇಶಕ್ಕೆ ಬಳಸುವಂತಿಲ್ಲ' ಎಂಬ ಸಾಲು ಇದೆಯಾ ನೋಡಿ. ಉದಾಹರಣೆಗೆ ಡಿಸ್ನಿ ವೆಕೇಶನ್ ಕ್ಲಬ್ಬಿನಲ್ಲಿ ಸದಸ್ಯರು ಬಾಡಿಗೆಗೆ ಕೊಡಬಹುದು, ಆದರೆ ಅದನ್ನೇ ದಂಧೆ ಮಾಡಿಕೊಳ್ಳುವಂತಿಲ್ಲ. ಒಂದು-ಎರಡು ವಾರ ಇರುವ ನಮ್ಮಂಥವರಿಗೆ ಸಾಮಾನ್ಯವಾಗಿ ತೊಂದರೆ ಆಗುವುದಿಲ್ಲ.

ಮೂರನೆಯದನ್ನು ತುಂಬಾ ಜನ ಮರೆಯುತ್ತಾರೆ. ಆರ್‌ಸಿಐ ಅಥವಾ ಇಂಟರ್ವಲ್ ಇಂಟರ್‌ನ್ಯಾಷನಲ್ ಎಂಬ, ವಾರ ಬದಲಾಯಿಸಿಕೊಡುವ ಕಂಪನಿಗಳ ಮೂಲಕ ಅದಲು ಬದಲು ಮಾಡಿ ಪಡೆದ ವಾರವನ್ನು ಬಾಡಿಗೆಗೆ ಕೊಡುವಂತಿಲ್ಲ. ಗೆಸ್ಟ್ ಸರ್ಟಿಫಿಕೇಟ್ (ನಿಮ್ಮ ಬದಲು ಬೇರೆಯವರು ಹೋಗಿ ಇರಲು ಬಿಡುವ ಪತ್ರ) ತೆಗೆದುಕೊಂಡು ಯಾರಿಗಾದರೂ ಉಡುಗೊರೆಯಾಗಿ ಕೊಡಬಹುದು, ಅಷ್ಟೇ. ದುಡ್ಡು ತೆಗೆದುಕೊಂಡದ್ದು ಗೊತ್ತಾದರೆ ಬುಕಿಂಗ್ ರದ್ದಾಗಬಹುದು, ನಿಮ್ಮ ಸದಸ್ಯತ್ವಕ್ಕೂ ಕುತ್ತು ಬರಬಹುದು. ಆಗ ಬೀದಿಯಲ್ಲಿ ನಿಲ್ಲುವುದು ನೀವಲ್ಲ, ದುಡ್ಡು ಕೊಟ್ಟ ಕುಟುಂಬ. ಹಾಗಾಗಿ ಆ ದಾರಿ ಹಿಡಿಯಲೇಬೇಡಿ.

ಮೊದಲು ಬುಕ್ ಮಾಡಬೇಕಾ, ಮೊದಲು ಜಾಹೀರಾತು ಹಾಕಬೇಕಾ?

ನಿಮ್ಮದು ಫಿಕ್ಸೆಡ್ ವಾರ ಆದರೆ ಆ ವಾರ ಪ್ರತಿ ವರ್ಷ ನಿಮ್ಮದೇ. ಫೀ ಕಟ್ಟಿ, ರಿಸಾರ್ಟ್‌ನಿಂದ ಒಂದು ದೃಢೀಕರಣ ತರಿಸಿಕೊಂಡು ಜಾಹೀರಾತು ಹಾಕಿ.

ಫ್ಲೋಟಿಂಗ್ ವಾರ (ಯಾವ ವಾರ ಅಂತ ಪ್ರತಿ ವರ್ಷ ನೀವೇ ಆರಿಸಿ ಬುಕ್ ಮಾಡಬೇಕಾದದ್ದು) ಆದರೆ ಮೊದಲು ಬುಕಿಂಗ್. ಒಳ್ಳೆಯ ವಾರಗಳು ಬುಕಿಂಗ್ ತೆರೆದ ದಿನವೇ ಖಾಲಿಯಾಗುತ್ತವೆ. ನಿಮ್ಮ ರಿಸಾರ್ಟ್‌ನಲ್ಲಿ ಎಷ್ಟು ತಿಂಗಳ ಮುಂಚೆ ತೆರೆಯುತ್ತದೆ ಅಂತ ಕೇಳಿಟ್ಟುಕೊಂಡು, ಆ ದಿನ ಬೆಳಗ್ಗೆ ಎದ್ದು ಕೂರಬೇಕು. ನಾನು ಕ್ಯಾಲೆಂಡರಿನಲ್ಲಿ ಹಬ್ಬದ ಪಕ್ಕ ಕೆಂಪು ಗುರುತು ಹಾಕಿಟ್ಟಿರುತ್ತೇನೆ. ಕೈಯಲ್ಲಿ ಕನ್ಫರ್ಮೇಶನ್ ನಂಬರ್ ಇಲ್ಲದೆ 'ಬೇಸಿಗೆಯ ಯಾವ ವಾರ ಬೇಕಾದರೂ ಕೊಡುತ್ತೇನೆ' ಅಂತ ಜಾಹೀರಾತು ಹಾಕಿ ದುಡ್ಡು ಪಡೆದರೆ, ಆಮೇಲೆ ವಾರ ಸಿಗದೇ ಹೋದಾಗ ಮುಖ ತೋರಿಸುವುದು ಕಷ್ಟ.

ವಾರದ ಬದಲು ಪಾಯಿಂಟ್ಸ್ ಇರುವವರು (ಪಾಯಿಂಟ್ಸ್ ಖರ್ಚು ಮಾಡಿ ದಿನಗಳನ್ನು ಬುಕ್ ಮಾಡುವವರು) ಗಿರಾಕಿ ಸಿಕ್ಕ ಮೇಲೆ ಬುಕ್ ಮಾಡುವುದೂ ಉಂಟು. ಆಗ ಬುಕಿಂಗ್ ಆದ ಮೇಲೆಯೇ ಹಣ ತೆಗೆದುಕೊಳ್ಳಿ.

ವಾರದ ನಂಬರ್ ವಿಷಯದಲ್ಲಿ ಗೊಂದಲ ಯಾಕೆ ಆಗುತ್ತದೆ?

ವರ್ಷವನ್ನು 1ರಿಂದ 52ರವರೆಗೆ ವಾರಗಳಾಗಿ ಎಣಿಸುತ್ತಾರೆ. ಆದರೆ ಒಂದು ರಿಸಾರ್ಟ್‌ನಲ್ಲಿ ವಾರ ಶುಕ್ರವಾರ ಶುರುವಾದರೆ ಇನ್ನೊಂದರಲ್ಲಿ ಶನಿವಾರ, ಮತ್ತೊಂದರಲ್ಲಿ ಭಾನುವಾರ. 52 ಏಳಲಿ 364 ದಿನ ಮಾತ್ರ. ಉಳಿದ ದಿನಗಳು ಸೇರಿ ಸೇರಿ ಕೆಲವು ವರ್ಷಕ್ಕೊಮ್ಮೆ 53ನೇ ವಾರವೇ ಬರುತ್ತದೆ. ಹಾಗಾಗಿ ನಿಮ್ಮ 51ನೇ ವಾರ ಒಂದು ವರ್ಷ ಕ್ರಿಸ್‌ಮಸ್ ಒಳಗೊಂಡಿದ್ದರೆ ಇನ್ನೊಂದು ವರ್ಷ ಅದಕ್ಕೆ ಮುಂಚೆಯೇ ಮುಗಿದುಬಿಡಬಹುದು. ಬಾಡಿಗೆಯಲ್ಲಿ ಇದು ದೊಡ್ಡ ವ್ಯತ್ಯಾಸ. ಜಾಹೀರಾತಿನಲ್ಲಿ ವಾರದ ನಂಬರ್ ಬರೆದು ಸುಮ್ನಾಗಬೇಡಿ. ರಿಸಾರ್ಟ್‌ನ ಆ ವರ್ಷದ ಕ್ಯಾಲೆಂಡರ್ ನೋಡಿ ತಾರೀಖು ಬರೆಯಿರಿ.

ಯಾವ ಸೈಟ್‌ನಲ್ಲಿ ಹಾಕುವುದು ಒಳ್ಳೆಯದು?

ಟೈಮ್‌ಶೇರ್‌ಗೆಂದೇ ಇರುವ ಸೈಟ್‌ಗಳಿಂದ ಶುರು ಮಾಡಿ. ರೆಡ್‌ವೀಕ್ ಅಂಥದ್ದು. ಅಲ್ಲಿಗೆ ಬರುವವರಿಗೆ ಟೈಮ್‌ಶೇರ್ ಅಂದರೆ ಏನು, ಚೆಕ್-ಇನ್ ಯಾಕೆ ಶನಿವಾರವೇ, ಏಳು ರಾತ್ರಿಯೇ ಯಾಕೆ ಅಂತ ಮೊದಲಿಂದ ವಿವರಿಸಬೇಕಿಲ್ಲ. ಬುಕಿಂಗ್ ನಿಜವಾ ಅಂತ ಸೈಟ್‌ನವರೇ ವಿಚಾರಿಸಿ ನಿಮ್ಮ ಜಾಹೀರಾತಿಗೆ ಗುರುತು ಹಾಕುವ ಸೌಲಭ್ಯವೂ ಇದೆ. ಸ್ವಲ್ಪ ದುಡ್ಡು ಖರ್ಚಾದರೂ ಹಾಕಿಸಿಕೊಳ್ಳಿ. ಮುಖ ಪರಿಚಯವಿಲ್ಲದವರು ಸಾವಿರಾರು ಡಾಲರ್ ಕಳಿಸಬೇಕಾದರೆ ಅವರಿಗೆ ಏನಾದರೂ ಒಂದು ಧೈರ್ಯ ಬೇಕಲ್ವಾ?

ಟೈಮ್‌ಶೇರ್ ಯೂಸರ್ಸ್ ಗ್ರೂಪ್ ಅಂತ ಮಾಲೀಕರದ್ದೇ ಒಂದು ಬಳಗವಿದೆ. ಜನ ಅದನ್ನು ಟಗ್ ಅನ್ನುತ್ತಾರೆ. 1993ರಿಂದ ನಡೆಯುತ್ತಿದೆ. ಅಲ್ಲಿ ಬಾಡಿಗೆಗೂ ಜಾಗವಿದೆ, ಅದಕ್ಕಿಂತ ಹೆಚ್ಚಾಗಿ ನಿಮ್ಮ ರಿಸಾರ್ಟ್‌ನ ಬೇರೆ ಮಾಲೀಕರ ಅನುಭವ ಓದಲು ಸಿಗುತ್ತದೆ. ನಾನು ಜಾಹೀರಾತು ಹಾಕುವ ಮುಂಚೆ ಆರು ತಿಂಗಳು ಅಲ್ಲಿ ಬರೀ ಓದಿದೆ. ಅದರಿಂದ ಕಲಿತದ್ದು ಜಾಸ್ತಿ.

ಏರ್‌ಬಿಎನ್‌ಬಿ, ವಿಆರ್‌ಬಿಒ ಸೈಟ್‌ಗಳಿಗೆ ಬರುವ ಜನ ದೊಡ್ಡ ಸಂಖ್ಯೆಯಲ್ಲಿದ್ದಾರೆ. ಆದರೆ ಅವು ವರ್ಷವಿಡೀ ಖಾಲಿ-ಭರ್ತಿ ಆಗುವ ಮನೆಗಳಿಗೆ ಹೇಳಿ ಮಾಡಿಸಿದವು. ಒಂದೇ ವಾರ ಇರುವ ನಮಗೆ ಅಷ್ಟು ಹೊಂದುವುದಿಲ್ಲ. ಕ್ರೇಗ್ಸ್‌ಲಿಸ್ಟ್ ನಾನು ಬಿಟ್ಟಿದ್ದೇನೆ. ಅಲ್ಲಿ ಜಾಹೀರಾತು ಹಾಕಿದ ಅರ್ಧ ಗಂಟೆಯಲ್ಲಿ ಬರುವ ಮೊದಲ ಸಂದೇಶಗಳು ಹೆಚ್ಚಾಗಿ ಮೋಸಗಾರರದ್ದೇ.

ರಿಸಾರ್ಟ್‌ನವರೇ ಬಾಡಿಗೆಗೆ ಕೊಡಿಸುತ್ತೇವೆ ಅನ್ನುತ್ತಾರೆ. ಅದು ಸುಲಭ ಅಲ್ವಾ?

ಸುಲಭವೇ. ಕಮಿಷನ್ ಮಾತ್ರ ಭಾರಿ. ಜೊತೆಗೆ ಬಾಡಿಗೆ ಹೋಗೇ ಹೋಗುತ್ತದೆ ಅಂತ ಖಾತರಿ ಕೊಡುವುದಿಲ್ಲ. ವಯಸ್ಸಾದವರಿಗೆ, ಫೋನ್-ಈಮೇಲ್ ಓಡಾಟ ಬೇಡ ಅನ್ನುವವರಿಗೆ ಸರಿ.

ಎಷ್ಟು ಬಾಡಿಗೆ ಕೇಳಬೇಕು?

ಎಲ್ಲರೂ ಕೊಟ್ಟ ಫೀಯಿಂದ ಲೆಕ್ಕ ಶುರು ಮಾಡುತ್ತಾರೆ. 'ನಾನು 1,400 ಡಾಲರ್ ಕಟ್ಟಿದ್ದೇನೆ, 1,600 ಆದರೂ ಬರಲಿ' ಅಂತ. ಬಾಡಿಗೆಗೆ ಬರುವವರಿಗೆ ನೀವು ಎಷ್ಟು ಕಟ್ಟಿದ್ದೀರಿ ಅನ್ನುವುದು ಬೇಕಾಗಿಲ್ಲ. ಅದೇ ವಾರಕ್ಕೆ, ಅದೇ ಜಾಗದಲ್ಲಿ ಬೇರೆ ಏನು ಸಿಗುತ್ತದೆ ಅನ್ನುವುದಷ್ಟೇ ಅವರ ಲೆಕ್ಕ.

ನಾನು ಮಾಡುವುದು ಹೀಗೆ. ಮೊದಲು ಅದೇ ರಿಸಾರ್ಟ್‌ನ ರೂಮು ಹೋಟೆಲ್ ಸೈಟ್‌ನಲ್ಲಿ ಆ ವಾರಕ್ಕೆ ಎಷ್ಟಿದೆ ನೋಡುತ್ತೇನೆ. ಮ್ಯಾರಿಯಟ್, ಹಿಲ್ಟನ್‌ನಂಥ ದೊಡ್ಡ ಕಂಪನಿಗಳು ಉಳಿದ ರೂಮುಗಳನ್ನು ತಾವೇ ಹೋಟೆಲಿನ ಹಾಗೆ ಬಾಡಿಗೆಗೆ ಕೊಡುತ್ತವೆ. ತೆರಿಗೆ ಎಲ್ಲ ಸೇರಿಸಿ ಕೊನೆಯ ಪುಟದಲ್ಲಿ ಬರುವ ಮೊತ್ತವನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳುತ್ತೇನೆ. ಆಮೇಲೆ ಲಿಸ್ಟಿಂಗ್ ಸೈಟ್‌ನಲ್ಲಿ ಅದೇ ರಿಸಾರ್ಟ್, ಅದೇ ಅಳತೆಯ ಯೂನಿಟ್, ಹತ್ತಿರದ ತಾರೀಖುಗಳನ್ನು ನೋಡುತ್ತೇನೆ. ಹೋಟೆಲ್ ದರಕ್ಕಿಂತ ನನ್ನದು ಎದ್ದು ಕಾಣುವಷ್ಟು ಕಡಿಮೆ ಇರಬೇಕು. ಹೋಟೆಲಿನಲ್ಲಿ ಬುಕ್ ಮಾಡಿದರೆ ರದ್ದು ಮಾಡಬಹುದು, ನನ್ನ ಹತ್ತಿರ ಆಗುವುದಿಲ್ಲ. ಆ ಅನನುಕೂಲಕ್ಕೆ ಬೆಲೆಯಲ್ಲಿ ಸಮಾಧಾನ ಸಿಗಬೇಕು.

ಕೇಳಿದ ಬೆಲೆಯೇ ಸಿಕ್ಕಿದ ಬೆಲೆ ಅಂದುಕೊಳ್ಳಬೇಡಿ. ಸೈಟ್‌ನಲ್ಲಿ ನಾಲ್ಕು ತಿಂಗಳಿಂದ ಅಲ್ಲಾಡದೆ ಕೂತ ಜಾಹೀರಾತು, ಆ ಬೆಲೆಗೆ ಯಾರೂ ತೆಗೆದುಕೊಳ್ಳುತ್ತಿಲ್ಲ ಅನ್ನುವುದನ್ನೇ ಹೇಳುತ್ತಿದೆ.

ಕಾಲದ ಮೇಲೂ ಬೆಲೆ ನಿಂತಿದೆ. ಒರ್ಲ್ಯಾಂಡೊದಲ್ಲಿ ಕ್ರಿಸ್‌ಮಸ್, ಹೊಸ ವರ್ಷ, ಈಸ್ಟರ್ ಆಸುಪಾಸು, ಫೆಬ್ರುವರಿಯ ಪ್ರೆಸಿಡೆಂಟ್ಸ್ ಡೇ ವಾರ ಚೆನ್ನಾಗಿ ಹೋಗುತ್ತವೆ. ಶಾಲೆ ಶುರುವಾದ ಮೇಲೆ, ಸೆಪ್ಟೆಂಬರ್‌ನಲ್ಲಿ, ರಿಸಾರ್ಟ್‌ಗಳೇ ದರ ಇಳಿಸಿರುತ್ತವೆ. ಆ ವಾರದಲ್ಲಿ ಫೀ ಹುಟ್ಟುವುದೇ ಕಷ್ಟ. ಮೊದಲ ವರ್ಷ ನಾನು ಸೆಪ್ಟೆಂಬರ್ ವಾರ ಹಿಡಿದು 550 ಡಾಲರ್‌ಗೆ ಕೊಟ್ಟೆ. ಫೀಯ ಅರ್ಧವೂ ಬರಲಿಲ್ಲ. ಮುಂದಿನ ವರ್ಷ ಅದೇ ಮನೆ, ಅದೇ ಫೀ, ಈಸ್ಟರ್ ವಾರ ಹಿಡಿದೆ. ಫೀ ಪೂರ್ತಿ ಬಂದು ಮೇಲೆ ಸ್ವಲ್ಪ ಉಳಿಯಿತು. ದುಡ್ಡು ಹುಟ್ಟುವುದು ಜಾಹೀರಾತು ಹಾಕುವ ದಿನ ಅಲ್ಲ, ವಾರ ಬುಕ್ ಮಾಡುವ ದಿನ.

ಎಷ್ಟು ಮುಂಚೆ ಹಾಕಬೇಕು? ಯಾರೂ ಬರದಿದ್ದರೆ?

ಹಬ್ಬದ ವಾರ ಆದರೆ ಹತ್ತು-ಹನ್ನೆರಡು ತಿಂಗಳು ಮುಂಚೆ. ವಿಮಾನದ ಟಿಕೆಟ್ ಕೊಳ್ಳುವ ಮುಂಚೆ ಜನ ಉಳಿಯುವ ಜಾಗ ನೋಡುತ್ತಾರೆ. ಬೇಸಿಗೆ ವಾರಕ್ಕೆ ಜನವರಿಯಿಂದ ಫೋನುಗಳು ಬರಲು ಶುರು. ಎರಡು ತಿಂಗಳು ಉಳಿದಾಗಲೂ ಹೋಗದಿದ್ದರೆ ಬೆಲೆ ಇಳಿಸಿ. ಮೂರು ವಾರ ಉಳಿದಾಗ ಬಂದಷ್ಟು ಬರಲಿ ಅಂತ ಇಳಿಸಿ. ಖಾಲಿ ಹೋದ ವಾರ ಕೊಳೆತ ಟೊಮೇಟೊ ಇದ್ದ ಹಾಗೆ, ನಾಳೆ ಮಾರಲು ಬರುವುದಿಲ್ಲ.

ಆರ್‌ಸಿಐ ಅಥವಾ ಇಂಟರ್ವಲ್‌ಗೆ ವಾರವನ್ನು ಜಮಾ ಮಾಡುವ ಯೋಚನೆ ಇದ್ದರೆ ತಡ ಮಾಡಬೇಡಿ. ಚೆಕ್-ಇನ್ ಹತ್ತಿರವಾದಷ್ಟೂ ಜಮಾ ಮಾಡಿದ ವಾರದ ಬೆಲೆ ಕುಸಿಯುತ್ತದೆ. ಬಾಡಿಗೆಗಾ, ಬದಲಿಗಾ ಅಂತ ಎಷ್ಟು ತಿಂಗಳು ಮುಂಚೆ ತೀರ್ಮಾನ ಮಾಡಬೇಕು ಅನ್ನುವುದನ್ನು ಮೊದಲೇ ಗೊತ್ತು ಮಾಡಿಕೊಳ್ಳಿ.

ಜಾಹೀರಾತಿನಲ್ಲಿ ಏನೇನು ಬರೆಯಬೇಕು?

ತಾರೀಖು, ಚೆಕ್-ಇನ್ ದಿನ, ಎಷ್ಟು ಬೆಡ್‌ರೂಮು, ಎಷ್ಟು ಜನ ಮಲಗಬಹುದು, ಅಡುಗೆಮನೆ ಪೂರ್ತಿಯಾ ಅರ್ಧವಾ. ಲಾಕ್-ಆಫ್ ಯೂನಿಟ್ (ನಡುವಿನ ಬಾಗಿಲು ಹಾಕಿ ಎರಡು ಭಾಗ ಮಾಡಬಹುದಾದ ಮನೆ) ಆದರೆ ಎರಡೂ ಭಾಗ ಕೊಡುತ್ತಿದ್ದೀರಾ ಒಂದೇನಾ ಅನ್ನುವುದು. ಪಾರ್ಕಿಂಗ್‌ಗೆ ದುಡ್ಡು ಇದೆಯಾ, ರಿಸಾರ್ಟ್ ಫೀ ಇದೆಯಾ, ಚೆಕ್-ಇನ್‌ನಲ್ಲಿ ಗೆಸ್ಟ್ ತನ್ನ ಕ್ರೆಡಿಟ್ ಕಾರ್ಡ್ ಕೊಡಬೇಕಾ, ಕನಿಷ್ಠ ವಯಸ್ಸು ಎಷ್ಟು. ಮಾಲೀಕರಿಗೆ ಉಚಿತವಾದದ್ದು ಬಾಡಿಗೆಗೆ ಬಂದವರಿಗೆ ಉಚಿತ ಅಲ್ಲದೇ ಇರಬಹುದು. ರಿಸಾರ್ಟ್‌ಗೆ ಫೋನ್ ಮಾಡಿ ಕೇಳಿ ಬರೆಯಿರಿ. ಚೆಕ್-ಇನ್ ಆದ ಮೇಲೆ ಟೂರ್‌ಗೆ ಬನ್ನಿ ಅಂತ ಮಾರಾಟದವರು ಕರೆಯುತ್ತಾರೆ, ಒಪ್ಪಲೇಬೇಕು ಅಂತ ಇಲ್ಲ ಅನ್ನುವುದನ್ನೂ ಹೇಳಿ.

ಫೋಟೋ ನಿಮ್ಮದೇ ಇರಲಿ. ರಿಸಾರ್ಟ್‌ನ ಹೊಳೆಯುವ ಫೋಟೋ ಎಲ್ಲರ ಜಾಹೀರಾತಿನಲ್ಲೂ ಇದೆ. ನಾನು ಹಾಕುವ ಒಂದು ಫೋಟೋ ಅಡುಗೆಮನೆಯದ್ದು: ನಾಲ್ಕು ಒಲೆಯ ಸ್ಟೌ, ಪಕ್ಕದಲ್ಲಿ ನಾವು ತೆಗೆದುಕೊಂಡು ಹೋಗಿದ್ದ ರೈಸ್ ಕುಕ್ಕರ್, ಕಿಟಕಿಯಾಚೆ ಈಜುಕೊಳ. ನಮ್ಮ ದೇಶದ ಕುಟುಂಬಗಳು ಅದನ್ನು ನೋಡಿಯೇ ಫೋನ್ ಮಾಡುತ್ತಾರೆ. ಊರಿಂದ ಅಪ್ಪ-ಅಮ್ಮ ಬಂದಿರುತ್ತಾರೆ. ಏಳು ದಿನ ಪಿಜ್ಜಾ ತಿನ್ನಲು ಅವರಿಂದ ಆಗುವುದಿಲ್ಲ. ಸಂಜೆ ಪಾರ್ಕ್‌ನಿಂದ ಬಂದು ಬಿಸಿ ಅನ್ನ-ಸಾರು ಉಣ್ಣಬಹುದು ಅನ್ನುವುದು ಅವರಿಗೆ ಈಜುಕೊಳಕ್ಕಿಂತ ದೊಡ್ಡದು. ಜೊತೆಗೆ ಒಂದು ಮಾತು ತಪ್ಪದೇ ಹೇಳುತ್ತೇನೆ: ಒಗ್ಗರಣೆ ಹಾಕುವ ಮುಂಚೆ ಒಲೆ ಮೇಲಿನ ಫ್ಯಾನ್ ಹಾಕಿ, ಬಾಲ್ಕನಿ ಬಾಗಿಲು ತೆರೆಯಿರಿ. ಮೆಣಸಿನಕಾಯಿ ಘಾಟಿಗೆ ಹೊಗೆ ಅಲಾರಂ ಕೂಗಿದರೆ ಮಕ್ಕಳು ಹೆದರುತ್ತಾರೆ.

'ಗಿರಾಕಿ ರೆಡಿ ಇದ್ದಾರೆ, ಫೀ ಕಟ್ಟಿ' ಅಂತ ಫೋನ್ ಬಂದಿದೆ. ನಂಬಬಹುದಾ?

ಬೇಡ. ದಯವಿಟ್ಟು ಬೇಡ. ಈ ಒಂದು ಪ್ರಶ್ನೆಗಾಗಿಯೇ ನಾನು ಇಷ್ಟೆಲ್ಲ ಬರೆಯಲು ಕೂತಿದ್ದು.

ಫೋನ್ ಮಾಡಿದವರಿಗೆ ನಿಮ್ಮ ಹೆಸರು ಗೊತ್ತು, ರಿಸಾರ್ಟ್ ಗೊತ್ತು, ವಾರವೂ ಗೊತ್ತು. ಒಂದು ದೊಡ್ಡ ಕಂಪನಿ ತನ್ನ ನೌಕರರಿಗೆ ನಿಮ್ಮ ವಾರವನ್ನು 4,000 ಡಾಲರ್‌ಗೆ ಕೇಳುತ್ತಿದೆ ಅನ್ನುತ್ತಾರೆ. ಕರಾರು ಪತ್ರ ಈಮೇಲ್‌ನಲ್ಲಿ ಬರುತ್ತದೆ, ಲೆಟರ್‌ಹೆಡ್ ಇರುತ್ತದೆ. ಬರೀ ಜಾಹೀರಾತು ಫೀ ಅಂತಲೋ, ತೆರಿಗೆ ಅಂತಲೋ ಒಂದಿಷ್ಟು ಮುಂಗಡ ಕಟ್ಟಬೇಕು. ಕಟ್ಟಿದ ಮೇಲೆ ಇನ್ನೊಂದು ಫೀ, ಆಮೇಲೆ ಮತ್ತೊಂದು. ಗಿರಾಕಿ ಯಾವತ್ತೂ ಬರುವುದಿಲ್ಲ.

ಇದರ ಹಿಂದೆ ಇರುವವರು ಸಣ್ಣ ಪುಟ್ಟ ಕಳ್ಳರು ಮಾತ್ರ ಅಲ್ಲ. ಮೆಕ್ಸಿಕೊದ ಹಲಿಸ್ಕೊ ಕಾರ್ಟೆಲ್ ಎಂಬ ಮಾದಕ ವಸ್ತು ಮಾಫಿಯಾ ಟೈಮ್‌ಶೇರ್ ಮೋಸದಲ್ಲಿ ತೊಡಗಿದೆ ಅಂತ ಅಮೆರಿಕದ ಖಜಾನೆ ಇಲಾಖೆ 2023ರಿಂದ ಹಲವು ಕಂಪನಿಗಳ ಮೇಲೆ ನಿರ್ಬಂಧ ಹಾಕಿದೆ. ಎಫ್‌ಬಿಐ ಲೆಕ್ಕದ ಪ್ರಕಾರ 2019ರಿಂದ 2023ರ ನಡುವೆ ಸುಮಾರು 6,000 ಅಮೆರಿಕನ್ನರು ಮೆಕ್ಸಿಕೊದ ಟೈಮ್‌ಶೇರ್ ಮೋಸಗಳಲ್ಲಿ ಹತ್ತಿರ ಹತ್ತಿರ 30 ಕೋಟಿ ಡಾಲರ್ ಕಳೆದುಕೊಂಡಿದ್ದಾರೆ. ದೂರು ಕೊಟ್ಟವರ ಲೆಕ್ಕ ಮಾತ್ರ ಇದು. ಅವಮಾನ ಅಂತ ಬಾಯಿ ಮುಚ್ಚಿಕೊಂಡವರು ಇದರಲ್ಲಿ ಇಲ್ಲ.

ಮೋಸ ಹೋದವರನ್ನೇ ಮತ್ತೆ ಹುಡುಕಿಕೊಂಡು ಬರುತ್ತಾರೆ. ಈ ಸಲ ವಕೀಲರ ವೇಷ ಅಥವಾ ಸರ್ಕಾರಿ ಅಧಿಕಾರಿಯ ವೇಷ. 'ನಿಮ್ಮ ದುಡ್ಡು ವಾಪಸ್ ಕೊಡಿಸುತ್ತೇವೆ, ಖರ್ಚಿಗೆ ಸ್ವಲ್ಪ ಕಳಿಸಿ' ಅನ್ನುತ್ತಾರೆ. ನಮ್ಮ ಬಳಗದ ಒಬ್ಬ ಹಿರಿಯರು ಹೀಗೆ ಎರಡು ಸಲ ಕಳೆದುಕೊಂಡರು. ಮಕ್ಕಳಿಗೆ ಹೇಳಿದ್ದು ಎರಡನೇ ಸಲದ ನಂತರ. ಮೊದಲ ಸಲವೇ ಹೇಳಿದ್ದರೆ ಎರಡನೆಯದು ಆಗುತ್ತಿರಲಿಲ್ಲ. ನಿಮ್ಮ ಮನೆಯಲ್ಲಿ ಟೈಮ್‌ಶೇರ್ ಇರುವ ಹಿರಿಯರು ಇದ್ದರೆ, ಇವತ್ತೇ ಕೂತು ಈ ವಿಷಯ ಮಾತಾಡಿ.

ಲಿಸ್ಟಿಂಗ್ ಸೈಟ್‌ಗೂ ಫೀ ಇದೆಯಲ್ವಾ ಅಂತ ಕೇಳಬಹುದು. ಇದೆ. ಆದರೆ ಅದು ಸಣ್ಣ ಮೊತ್ತ, ಪುಟದಲ್ಲಿ ಬರೆದಿರುತ್ತದೆ, ನೀವಾಗಿ ಹೋಗಿ ಕಟ್ಟುತ್ತೀರಿ. ಬಾಡಿಗೆ ಹೋಗುತ್ತದೆ ಅಂತ ಯಾರೂ ಮಾತು ಕೊಡುವುದಿಲ್ಲ. ತಾವಾಗಿ ಫೋನ್ ಮಾಡಿ, ಗಿರಾಕಿ ಇದ್ದಾರೆ ಅಂತ ಹೇಳಿ, ಮೊದಲು ದುಡ್ಡು ಕೇಳಿದರೆ ಫೋನ್ ಇಡಿ. ದುಡ್ಡು ಹೋಗಿದ್ದರೆ ತಕ್ಷಣ ಬ್ಯಾಂಕಿಗೆ ಹೇಳಿ, ಎಫ್‌ಬಿಐನ ಆನ್‌ಲೈನ್ ದೂರು ಕೇಂದ್ರದಲ್ಲಿ ಮತ್ತು ಫೆಡರಲ್ ಟ್ರೇಡ್ ಕಮಿಷನ್‌ನಲ್ಲಿ ದೂರು ದಾಖಲಿಸಿ.

ಬಾಡಿಗೆ ಹಣ ಹೇಗೆ ತೆಗೆದುಕೊಳ್ಳುವುದು?

ಸೈಟ್‌ನಲ್ಲೇ ಪಾವತಿ ವ್ಯವಸ್ಥೆ ಇದ್ದರೆ ಅದನ್ನೇ ಬಳಸಿ. ಇಲ್ಲದಿದ್ದರೆ ಬ್ಯಾಂಕ್‌ನಿಂದ ಬ್ಯಾಂಕಿಗೆ ಬರುವ ಹಣ ಮಾಲೀಕರಿಗೆ ಒಳ್ಳೆಯದು. ಆದರೆ ಎದುರಿಗಿನವರಿಗೆ ಅದರಲ್ಲಿ ರಕ್ಷಣೆ ಕಡಿಮೆ, ಹಾಗಾಗಿ ಅವರು ಪೇಪಾಲ್ ಕೇಳಿದರೆ ಬೇಜಾರು ಮಾಡಿಕೊಳ್ಳಬೇಡಿ.

ಕ್ಯಾಶಿಯರ್ಸ್ ಚೆಕ್ (ಬ್ಯಾಂಕೇ ಬರೆದುಕೊಡುವ ಚೆಕ್) ಕಳಿಸುತ್ತೇವೆ ಅನ್ನುವವರ ಬಗ್ಗೆ ಎಚ್ಚರ. ಒಪ್ಪಿದ್ದು 1,500, ಬಂದ ಚೆಕ್ 3,200. 'ತಪ್ಪಾಗಿ ಜಾಸ್ತಿ ಬರೆದಿದ್ದೇವೆ, ಉಳಿದದ್ದು ವಾಪಸ್ ಕಳಿಸಿ' ಅನ್ನುತ್ತಾರೆ. ಬ್ಯಾಂಕ್ ಎರಡು ದಿನದಲ್ಲಿ ನಿಮ್ಮ ಖಾತೆಗೆ ದುಡ್ಡು ತೋರಿಸುತ್ತದೆ, ನೀವು 1,700 ಕಳಿಸುತ್ತೀರಿ. ಎರಡು ವಾರ ಕಳೆದ ಮೇಲೆ ಚೆಕ್ ನಕಲಿ ಅಂತ ಗೊತ್ತಾಗುತ್ತದೆ. ಬ್ಯಾಂಕ್ ಪೂರ್ತಿ ಮೊತ್ತವನ್ನು ನಿಮ್ಮಿಂದ ವಸೂಲು ಮಾಡುತ್ತದೆ. ಜಾಸ್ತಿ ಬಂದ ಚೆಕ್ ಖಾತೆಗೆ ಹಾಕಲೇಬೇಡಿ.

ಕರಾರು ಪತ್ರ ಬೇಕಾ?

ಬೇಕು. ಒಂದು ಪುಟ ಸಾಕು. ಇಬ್ಬರ ಹೆಸರು, ವಿಳಾಸ, ರಿಸಾರ್ಟ್, ತಾರೀಖು, ಯೂನಿಟ್, ಮೊತ್ತ, ಯಾವಾಗ ಎಷ್ಟು ಕೊಡಬೇಕು, ರದ್ದು ಮಾಡಿದರೆ ಏನು, ಸಾಮಾನು ಹಾಳಾದರೆ ಯಾರ ಹೊಣೆ. ನಾನು ಅರ್ಧ ಅಡ್ವಾನ್ಸ್ ತೆಗೆದುಕೊಂಡು, ಉಳಿದದ್ದನ್ನು 60 ದಿನ ಮುಂಚೆ ಕೇಳುತ್ತೇನೆ.

ಪರಿಚಯದವರಿಗೆ ಕೊಡುವಾಗಲೂ ಇಷ್ಟೆಲ್ಲ ಬೇಕಾ?

ಅವರಿಗೆ ಇನ್ನೂ ಜಾಸ್ತಿ ಬೇಕು. ಸಂಘದ ಯುಗಾದಿ ಊಟದಲ್ಲಿ 'ನಿಮ್ಮ ಮನೆ ನಾವೇ ತಗೋತೀವಿ ಅಣ್ಣ' ಅನ್ನುತ್ತಾರೆ. ಅದನ್ನು ನಂಬಿ ಜಾಹೀರಾತು ತೆಗೆಯುತ್ತೀರಿ. ಒಂದು ತಿಂಗಳು ಇರುವಾಗ 'ಮಗುವಿನ ಪರೀಕ್ಷೆ ಇದೆ, ಆಗಲ್ಲ' ಅನ್ನುತ್ತಾರೆ. ಅವರ ತಪ್ಪೂ ಅಲ್ಲ, ಬಾಯಿ ಮಾತಿನಲ್ಲಿ ಇಬ್ಬರೂ ಬೇರೆ ಬೇರೆ ಅರ್ಥ ಮಾಡಿಕೊಂಡಿರುತ್ತೀರಿ. ಬೆಲೆ ಬೇಕಾದರೆ ಕಡಿಮೆ ಮಾಡಿ, ಕಾಗದ ಬಿಡಬೇಡಿ. ಸ್ನೇಹವೂ ಉಳಿಯುತ್ತದೆ.

ಗೆಸ್ಟ್ ಹೆಸರು ಹಾಕಿಸುವುದು ಅಂದರೆ ಏನು?

ಬುಕಿಂಗ್ ನಿಮ್ಮ ಹೆಸರಿನಲ್ಲಿ ಇರುತ್ತದೆ. ಬಾಡಿಗೆಗೆ ಬಂದವರು ಕೌಂಟರ್‌ನಲ್ಲಿ ತಮ್ಮ ಗುರುತಿನ ಚೀಟಿ ತೋರಿಸಿದಾಗ ಅವರ ಹೆಸರು ಕಂಪ್ಯೂಟರಿನಲ್ಲಿ ಇರಬೇಕು. ಇಲ್ಲದಿದ್ದರೆ ಬೀಗದ ಕೈ ಕೊಡುವುದಿಲ್ಲ. ಕೆಲವು ಕಡೆ ಇದು ಉಚಿತ, ಕೆಲವು ಕಡೆ ಗೆಸ್ಟ್ ಸರ್ಟಿಫಿಕೇಟ್‌ಗೆ ದುಡ್ಡು ಕಟ್ಟಬೇಕು. ಪೂರ್ತಿ ಹಣ ಬಂದ ಮೇಲೆ ಹೆಸರು ಹಾಕಿಸಿ, ಹಾಕಿಸಿದ ದಾಖಲೆ ಈಮೇಲ್‌ನಲ್ಲಿ ತರಿಸಿಕೊಂಡು ಗೆಸ್ಟ್‌ಗೆ ಕಳಿಸಿ.

2016ರಲ್ಲಿ ನಾನು ಫೋನ್‌ನಲ್ಲಿ ಹೆಸರು ಹೇಳಿ, 'ಆಯಿತು' ಅಂತ ಕೇಳಿಸಿಕೊಂಡು ಸುಮ್ಮನಾದೆ. ಕಾಗದ ಕೇಳಲಿಲ್ಲ. ಶನಿವಾರ ರಾತ್ರಿ ಹನ್ನೊಂದು ಗಂಟೆಗೆ ಫೋನ್ ಬಂತು. ಟೆಕ್ಸಸ್‌ನಿಂದ ಬಂದ ಕುಟುಂಬ ಲಾಬಿಯಲ್ಲಿ ನಿಂತಿದೆ. ಇಬ್ಬರು ಮಕ್ಕಳು ಸೂಟ್‌ಕೇಸ್ ಮೇಲೆ ಮಲಗಿಬಿಟ್ಟಿದ್ದಾರೆ, ಅಜ್ಜಿ ಕುರ್ಚಿಯಲ್ಲಿ ಕೂತಿದ್ದಾರೆ. ಅವರ ಹೆಸರು ಇಲ್ಲ. ಮಾಲೀಕರ ವಿಭಾಗ ಭಾನುವಾರ ಮುಚ್ಚಿರುತ್ತದೆ, ಸೋಮವಾರ ತೆರೆಯುವುದು. ನಾನು ನನ್ನ ಗುರುತಿನ ಚೀಟಿಯ ಫೋಟೋ ಕಳಿಸಿದೆ, ಅವರು ಕಂಪ್ಯೂಟರ್ ನೋಡಿ ಕೇಳಿದ ಪ್ರಶ್ನೆಗಳಿಗೆಲ್ಲ ಉತ್ತರ ಕೊಟ್ಟೆ. ರಾತ್ರಿ ಪಾಳಿಯ ಮ್ಯಾನೇಜರ್ ದೊಡ್ಡ ಮನಸ್ಸು ಮಾಡಿದರು. ಒಂದು ಗಂಟೆ ಹತ್ತು ನಿಮಿಷಕ್ಕೆ ಅವರಿಗೆ ರೂಮು ಸಿಕ್ಕಿತು. ಆ ಎರಡು ಗಂಟೆ ನಾನು ಅಡುಗೆಮನೆಯಲ್ಲಿ ನಿಂತೇ ಇದ್ದೆ.

ಅವತ್ತಿನಿಂದ ಚೆಕ್-ಇನ್‌ಗೆ ಮೂರು ದಿನ ಮುಂಚೆ, ಬುಧವಾರ ಅಥವಾ ಗುರುವಾರ, ನಾನೇ ರಿಸಾರ್ಟ್‌ಗೆ ಫೋನ್ ಮಾಡಿ ಹೆಸರಿನ ಒಂದೊಂದು ಅಕ್ಷರವನ್ನೂ ಓದಿಸುತ್ತೇನೆ. ನಮ್ಮ ಹೆಸರುಗಳು ಉದ್ದ. ಇನಿಶಿಯಲ್ ಮುಂದೆ ಬರುತ್ತದೆ, ಅಪ್ಪನ ಹೆಸರು ಹಿಂದೆ. ಪಾಸ್‌ಪೋರ್ಟ್ ಅಥವಾ ಲೈಸೆನ್ಸ್‌ನಲ್ಲಿ ಹೇಗಿದೆಯೋ ಹಾಗೆಯೇ ಇರಲಿ.

ಚಂಡಮಾರುತ ಬಂದರೆ ದುಡ್ಡು ವಾಪಸ್ ಕೊಡಬೇಕಾ?

ಫ್ಲೋರಿಡಾದ ಕಡೆ ಜೂನ್ 1ರಿಂದ ನವೆಂಬರ್ 30ರವರೆಗೆ ಹರಿಕೇನ್ ಕಾಲ. 2022ರ ಸೆಪ್ಟೆಂಬರ್ 28ರಂದು ಇಯಾನ್ ಅಪ್ಪಳಿಸಿದಾಗ ಒರ್ಲ್ಯಾಂಡೊ ವಿಮಾನ ನಿಲ್ದಾಣವನ್ನೇ ಮುಚ್ಚಿದ್ದರು. ಕಾಗದದಲ್ಲಿ ಮೊದಲೇ ಬರೆದಿಡಿ. ನನ್ನದು ಹೀಗಿದೆ: ರಿಸಾರ್ಟ್ ಮುಚ್ಚಿದರೆ, ನನಗೆ ಅವರಿಂದ ಏನು ಸಿಗುತ್ತದೋ ಅದನ್ನು ಗೆಸ್ಟ್‌ಗೆ ಕೊಡುತ್ತೇನೆ. ರಿಸಾರ್ಟ್ ತೆರೆದಿದ್ದು ಗೆಸ್ಟ್ ಬರಲಾಗದಿದ್ದರೆ ವಾಪಸ್ ಇಲ್ಲ. ಟ್ರಾವೆಲ್ ಇನ್ಶೂರೆನ್ಸ್ ಮಾಡಿಸಿ ಅಂತ ಎಲ್ಲರಿಗೂ ಹೇಳುತ್ತೇನೆ. ಚಂಡಮಾರುತಕ್ಕೆ ಹೆಸರು ಇಟ್ಟ ಮೇಲೆ ಕೊಂಡ ಇನ್ಶೂರೆನ್ಸ್ ಅದಕ್ಕೆ ಅನ್ವಯಿಸುವುದಿಲ್ಲ, ಹಾಗಾಗಿ ಬಾಡಿಗೆ ಕಟ್ಟಿದ ದಿನವೇ ಮಾಡಿಸಬೇಕು.

ತೆರಿಗೆ ಇದೆಯಾ?

ಎರಡು ಥರದ್ದು ಇದೆ. ಒಂದು, ಉಳಿಯುವವರ ಮೇಲಿನ ತೆರಿಗೆ. ಫ್ಲೋರಿಡಾದಲ್ಲಿ ಕಡಿಮೆ ಅವಧಿಯ ಬಾಡಿಗೆಗೆ ರಾಜ್ಯದ್ದು 6%, ಅದರ ಮೇಲೆ ಕೌಂಟಿಯದ್ದು. ಒರ್ಲ್ಯಾಂಡೊ ಇರುವ ಆರೆಂಜ್ ಕೌಂಟಿಯ ಪ್ರವಾಸಿ ತೆರಿಗೆಯೇ ಇನ್ನೊಂದು 6%. ಯಾವ ಸೈಟ್ ಇದನ್ನು ತಾನೇ ವಸೂಲು ಮಾಡಿ ಕಟ್ಟುತ್ತದೆ, ಯಾವುದು ನಿಮಗೆ ಬಿಡುತ್ತದೆ ಅನ್ನುವುದನ್ನು ಸೈಟ್‌ನಲ್ಲೂ ಕೌಂಟಿ ಕಚೇರಿಯಲ್ಲೂ ಕೇಳಿ.

ಎರಡನೆಯದು ಆದಾಯ ತೆರಿಗೆ. 1099 ಫಾರ್ಮ್ (ನಿಮಗೆ ಬಂದ ಹಣದ ಲೆಕ್ಕ ತೋರಿಸುವ ತೆರಿಗೆ ಕಾಗದ) ಬಂದಿಲ್ಲ ಅಂದ ಮಾತ್ರಕ್ಕೆ ಆದಾಯ ಇಲ್ಲ ಅಂತ ಅಲ್ಲ. 'ವರ್ಷಕ್ಕೆ 15 ದಿನಕ್ಕಿಂತ ಕಡಿಮೆ ಬಾಡಿಗೆಗೆ ಕೊಟ್ಟರೆ ತೆರಿಗೆ ಇಲ್ಲವಂತೆ' ಅಂತ ತುಂಬಾ ಜನ ಹೇಳುತ್ತಾರೆ. ಆ ನಿಯಮ ನೀವೇ ವಾಸಕ್ಕೂ ಬಳಸುವ ಮನೆಗೆ ಮಾಡಿದ್ದು. ಇರುವ ಒಂದೇ ವಾರವನ್ನು ಬಾಡಿಗೆಗೆ ಕೊಟ್ಟು, ನೀವು ಒಂದು ರಾತ್ರಿಯೂ ಅಲ್ಲಿ ಇರದಿದ್ದರೆ ಅದನ್ನು ನಂಬಿ ಕೂರಬೇಡಿ. ಫೀ ರಸೀದಿ, ಜಾಹೀರಾತು ಖರ್ಚು, ಗೆಸ್ಟ್ ಸರ್ಟಿಫಿಕೇಟ್ ಖರ್ಚು ಎಲ್ಲ ಒಂದು ಕವರಿನಲ್ಲಿ ಹಾಕಿಟ್ಟು ನಿಮ್ಮ ಟ್ಯಾಕ್ಸ್ ಮಾಡುವವರ ಕೈಗೆ ಕೊಡಿ.

ನಾನು ಎಚ್-1ಬಿ ವೀಸಾದಲ್ಲಿದ್ದೇನೆ. ತೊಂದರೆ ಇದೆಯಾ?

ನಿಮ್ಮದೇ ಒಂದು ವಾರ, ಹೋಗಲಾಗದ ವರ್ಷ ಬಾಡಿಗೆಗೆ ಕೊಡುವುದು ಒಂದು. ಹತ್ತಾರು ವಾರ ಕೊಂಡು ಬಾಡಿಗೆ ನಡೆಸುವುದು ಇನ್ನೊಂದು. ಎರಡನೆಯದು ವ್ಯಾಪಾರದ ಹಾಗೆ ಕಾಣುತ್ತದೆ. ಆ ಕಡೆ ಹೆಜ್ಜೆ ಇಡುವ ಮುಂಚೆ ಇಮಿಗ್ರೇಶನ್ ವಕೀಲರನ್ನು ಕೇಳಿ. ಸ್ನೇಹಿತರ ಮಾತಿನ ಮೇಲೆ ಹೋಗಬೇಡಿ, ನನ್ನ ಮಾತಿನ ಮೇಲೂ ಬೇಡ.

'ಬಾಡಿಗೆಯಲ್ಲೇ ಫೀ ಬಂದುಬಿಡುತ್ತದೆ' ಅಂತ ಹೇಳಿ ಮಾರಿದರು. ಮೊನ್ನೆ ತಾನೇ ಸಹಿ ಹಾಕಿದೆ. ಈಗ ಅನುಮಾನ ಶುರುವಾಗಿದೆ.

ಉಳಿದದ್ದೆಲ್ಲ ಆಮೇಲೆ ಓದಿ, ಮೊದಲು ತಾರೀಖು ನೋಡಿ. ಹೊಸದಾಗಿ ಕೊಂಡವರಿಗೆ ಕಾರಣ ಹೇಳದೆ ರದ್ದು ಮಾಡುವ ಹಕ್ಕು ಕಾನೂನಿನಲ್ಲೇ ಇದೆ. ಫ್ಲೋರಿಡಾದಲ್ಲಿ 10 ದಿನ, ಕ್ಯಾಲಿಫೋರ್ನಿಯಾ ಮತ್ತು ಹವಾಯಿಯಲ್ಲಿ 7 ದಿನ, ನೆವಾಡಾದಲ್ಲಿ 5 ದಿನ. ನೀವು ಇರುವ ರಾಜ್ಯ ಅಲ್ಲ, ಕೊಂಡ ರಾಜ್ಯದ ಲೆಕ್ಕ. ರದ್ದು ಮಾಡುವ ವಿಧಾನ, ಕಳಿಸಬೇಕಾದ ವಿಳಾಸ ನಿಮ್ಮ ಕರಾರಿನಲ್ಲೇ ಬರೆದಿರುತ್ತದೆ. ಫೋನ್‌ನಲ್ಲಿ ಹೇಳಿದರೆ ಸಾಲದು. ಪತ್ರ ಬರೆದು, ಸಹಿ ಹಾಕಿ, ರಸೀದಿ ಸಿಗುವ ಹಾಗೆ ರಿಜಿಸ್ಟರ್ಡ್ ಪೋಸ್ಟ್‌ನಲ್ಲಿ ಕಳಿಸಿ. ಆಮೇಲೆ ಬೇಕು ಅನ್ನಿಸಿದರೆ ಅದೇ ಥರದ ವಾರ ಹಳೆಯ ಮಾಲೀಕರಿಂದ ಬಹಳ ಕಡಿಮೆಗೆ ಸಿಗುತ್ತದೆ. ಈಬೇಯಲ್ಲಿ ಒಂದು ಡಾಲರ್‌ಗೆ ಕೊಡುವವರೂ ಇದ್ದಾರೆ.

ಭಾರತದ ಕ್ಲಬ್ಬಿನ ಸದಸ್ಯತ್ವವನ್ನು ಹೀಗೆ ಬಾಡಿಗೆಗೆ ಕೊಡಬಹುದಾ?

ಅದು ಬೇರೆ ವ್ಯವಸ್ಥೆ. ಕ್ಲಬ್ ಮಹೀಂದ್ರಾದಂಥ ಕಡೆ ನಿಮ್ಮದು ಮಡಿಕೇರಿಯ ಒಂದು ರೂಮಿನ ಮಾಲೀಕತ್ವ ಅಲ್ಲ, 25 ವರ್ಷದಂಥ ಅವಧಿಗೆ ರಜೆ ಕಳೆಯುವ ಸದಸ್ಯತ್ವ. ಅತಿಥಿಗಳನ್ನು ಕಳಿಸುವ ನಿಯಮ ಆ ಕರಾರಿನಲ್ಲಿ ಇರುತ್ತದೆ. ಅದನ್ನು ಓದದೆ ಯಾರಿಂದಲೂ ದುಡ್ಡು ತೆಗೆದುಕೊಳ್ಳಬೇಡಿ.

ಯಾವ ವರ್ಷವೂ ಬಾಡಿಗೆ ಫೀಯಷ್ಟು ಬರುತ್ತಿಲ್ಲ. ಏನು ಮಾಡಲಿ?

ಮೂರು ವರ್ಷದ ಲೆಕ್ಕ ಒಂದು ಹಾಳೆಯಲ್ಲಿ ಬರೆಯಿರಿ. ಫೀ ಎಷ್ಟು ಏರಿತು, ಬಾಡಿಗೆ ಎಷ್ಟು ಬಂತು, ನಿಮ್ಮ ಎಷ್ಟು ಸಂಜೆ ಇದಕ್ಕೆ ಹೋಯಿತು. ಕೊಂಡಾಗ ಕೊಟ್ಟ ದುಡ್ಡನ್ನು ಆ ಹಾಳೆಯಲ್ಲಿ ಬರೆಯಬೇಡಿ. ಅದು ಬಾಡಿಗೆಯಿಂದ ವಾಪಸ್ ಬರುವ ದುಡ್ಡು ಅಲ್ಲ. ಹಾಳೆ ಪ್ರತಿ ವರ್ಷ ನಷ್ಟ ತೋರಿಸಿದರೆ ರಿಸಾರ್ಟ್‌ಗೇ ಫೋನ್ ಮಾಡಿ, 'ವಾರವನ್ನು ವಾಪಸ್ ತೆಗೆದುಕೊಳ್ಳುವ ಯೋಜನೆ ಇದೆಯಾ' ಅಂತ ಕೇಳಿ. ಎಷ್ಟೋ ದೊಡ್ಡ ಕಂಪನಿಗಳಲ್ಲಿ ಇದೆ. ಸಾಲ ತೀರಿರಬೇಕು, ಫೀ ಬಾಕಿ ಇರಬಾರದು. ನಿಮ್ಮನ್ನು ಬಿಡಿಸುತ್ತೇವೆ ಅಂತ ಸಾವಿರಾರು ಡಾಲರ್ ಮುಂಗಡ ಕೇಳುವ ಹೊರಗಿನ ಕಂಪನಿಗಳ ಹತ್ತಿರ ಹೋಗಬೇಡಿ.

ಈ ಫೋನ್ ಮಾಡಲು ಒಳ್ಳೆಯ ಕಾಲ ಬೇಸಿಗೆ. ಮುಂದಿನ ವರ್ಷದ ಬಿಲ್ಲು ಬಂದುಬಿಟ್ಟರೆ ಅದನ್ನೂ ಕಟ್ಟಿದ ಮೇಲೆಯೇ ವಾಪಸ್ ತೆಗೆದುಕೊಳ್ಳುತ್ತಾರೆ.